ಎಡಗೈ ಗಂಟು

ಸೊಟ್ಟಗೆ ಕಟ್ಟಿದ ಹೇರು ಕಣ್ಣಿಗೆ ಬಿದ್ದರೆ ಕಾಡಪ್ಪನ ಕೈ ಸುಮ್ಮನಿರುವುದಿಲ್ಲ. ನವಿ ಮುಂಬಯಿಯ ಐರೋಲಿಯಲ್ಲಿ ಅವನಿರುವ ಬೀದಿಗೆಲ್ಲ ಇದು ಗೊತ್ತು. ಸೈಕಲ್ಲಿನ ಒಂದೇ ಮಗ್ಗುಲಿಗೆ ನೀರಿನ ಕ್ಯಾನು ನೇತುಹಾಕಿಕೊಂಡು ಓಲಾಡುತ್ತ ಬರುವವನನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಎಲ್ಲ ಬಿಚ್ಚಿಸಿ, ಎರಡೂ ಕಡೆ ತೂಕ ಸಮ ಮಾಡಿ ಮತ್ತೆ ಕಟ್ಟಿಯೇ ಮುಂದೆ ಬಿಟ್ಟಿದ್ದಾನೆ. ಒಮ್ಮೆ ಮದುವೆಗೆ ಹೊರಟವರ ಕಾರಿನ ಮೇಲಿನ ಸೂಟ್‌ಕೇಸುಗಳನ್ನೆಲ್ಲ ಇಳಿಸಿ, ಮುಹೂರ್ತ ಮೀರುತ್ತದೆಂದು ಅವರು ಬಾಯಿ ಬಡಿದುಕೊಂಡರೂ ಬಿಡದೆ, ಸರಿಮಾಡಿ ಕಳಿಸಿದ್ದುಂಟು. ಹೆಂಡತಿ ಸೌಭಾಗ್ಯ ಅದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ: “ನನ್ನ ಸೀರಿ ನಿರಗಿ ಸೊಟ್ಟ ಆದ್ರ ಇವರ ಕಣ್ಣಿಗೆ ಕಾಣಂಗಿಲ್ರಿ. ಅಟ್ಟದ ಮ್ಯಾಲಿನ ಗಂಟು ಸೊಟ್ಟ ಆತಂದ್ರ ಊಟ ಸೇರಂಗಿಲ್ಲ.”

ಅದು ಅವನ ತಪ್ಪೂ ಅಲ್ಲ. ಮಿಲಿಟರಿಯಲ್ಲಿ ಇಪ್ಪತ್ತಾರು ವರ್ಷ ಅವನು ಬಂದೂಕಿಗಿಂತ ಹೆಚ್ಚಾಗಿ ಹಿಡಿದದ್ದು ಹಗ್ಗ. ಹೇಸರಗತ್ತೆಗಳ, ದಂಡಿನ ಮಾತಿನಲ್ಲಿ ಖಚ್ಚರ್‌ಗಳ, ಕಂಪನಿ ಅವನದು. ಲಾರಿಯ ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅವರ ನೌಕರಿ ಶುರು. ಹಿಟ್ಟು, ಸೀಮೆಎಣ್ಣೆ, ಮದ್ದುಗುಂಡು, ಊರಿನಿಂದ ಬಂದ ಕಾಗದ, ಎಲ್ಲವನ್ನೂ ಹೇಸರಗತ್ತೆಯ ಬೆನ್ನಿಗೆ ಕಟ್ಟಿ, ಲಗಾಮು ಹಿಡಿದು, ಹಿಮದಲ್ಲಿ ಹೆಜ್ಜೆ ಹುಡುಕುತ್ತ ಮೇಲಿನ ಪೋಸ್ಟಿಗೆ ಮುಟ್ಟಿಸಬೇಕು. ಅಲ್ಲಿ ಹೇರು ಒಂದು ಬೆರಳು ವಾಲಿದರೆ ಪ್ರಾಣಿಯ ಕಾಲು ತಪ್ಪುತ್ತದೆ. ಪ್ರಾಣಿಯ ಕಾಲು ತಪ್ಪಿದರೆ ಲಗಾಮು ಹಿಡಿದವನೂ ಅದರ ಹಿಂದೆಯೇ.

ಕಾಡಪ್ಪ ಎಡಚ. ಸೇರಿದ ಹೊಸದರಲ್ಲಿ ಉಸ್ತಾದ್ ಅವನ ಎಡಗೈ ಮೇಲೆ ಬೆತ್ತದಿಂದ ಹೊಡೆದು ಹೊಡೆದು ಬಲಗೈ ಗಂಟು ಕಲಿಸಲು ನೋಡಿದ. ಆಗಲಿಲ್ಲ. ಕೊನೆಗೆ ಕಾಡಪ್ಪ ತನ್ನದೇ ಒಂದು ಗಂಟು ಕಂಡುಕೊಂಡ. ಹಗ್ಗ ಎಲ್ಲರದಕ್ಕೆ ತಿರುವುಮುರುವಾಗಿ ಸುತ್ತಿಕೊಂಡು ಬರುತ್ತದೆ, ತುದಿಗೆ ಚಿಕ್ಕದೊಂದು ಕುಣಿಕೆ. ಎಷ್ಟು ಜಗ್ಗಿದರೂ ಸಡಿಲಾಗದು. ಆದರೆ ಕುಣಿಕೆಯನ್ನು ಒಮ್ಮೆ, ದಪ್ಪ ಕೈಗವಸು ತೊಟ್ಟ ಕೈಯಿಂದಲಾದರೂ ಸರಿ, ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಅದನ್ನು ನೋಡಿದ ದಿನ ಉಸ್ತಾದ್ ಬೆತ್ತ ಕೆಳಗಿಟ್ಟ. ಕಂಪನಿಯಲ್ಲಿ ಬೇರೆ ಯಾರಿಗೂ ಆ ಗಂಟು ಕೈಹತ್ತಲಿಲ್ಲ. ಹತ್ತಿದ್ದು ಒಬ್ಬನಿಗೇ, ತಮ್ಮ ಲಕ್ಷ್ಮೀಕಾಂತನ ಮಗ ಕೈಲಾಸನಿಗೆ. ತಮ್ಮನ ಹೆಂಡತಿ ಕಾಶವ್ವ ಕಲ್ಯಾಣದ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಡೊಂಬಿವಲಿಯ ತನಕ ಉತ್ತರ ಕರ್ನಾಟಕದವರ ಮನೆಗಳಿಗೆ ಕಳಿಸುತ್ತಾಳೆ. ಆ ರೊಟ್ಟಿ ಬುಟ್ಟಿ ಕಟ್ಟುತ್ತ ಕಟ್ಟುತ್ತಲೇ ಕೈಲಾಸ ದೊಡ್ಡಪ್ಪನ ಗಂಟು ಕಲಿತಿದ್ದ. ಎಡಚನಲ್ಲದಿದ್ದರೂ ಕಲಿತಿದ್ದ.

ಗಂಟು ಕಲಿತವನು ದೊಡ್ಡಪ್ಪನ ದಾರಿಯನ್ನೂ ಹಿಡಿದ. ಕಾಶವ್ವನಿಗೆ ಮಗ ವಾಶಿಯ ಮಾರ್ಕೆಟ್ಟಿನಲ್ಲಿ ಅಪ್ಪ ಗುಮಾಸ್ತನಾಗಿರುವ ಉಳ್ಳಾಗಡ್ಡಿ ಅಂಗಡಿಗೆ ಹೋಗಲಿ ಎಂದಿತ್ತು. ಕಾಡಪ್ಪನೇ ಮುಂದೆ ಬಿದ್ದು, “ನಮ್ಮ ಮನೆತನದಾಗ ಒಂದು ಯೂನಿಫಾರಂ ಇರ್ಬೇಕವ್ವಾ” ಎಂದು ಒಪ್ಪಿಸಿ, ಬೆಳಗಿನ ಹೊತ್ತು ಕಡಲ ಹಿನ್ನೀರಿನ ಖಾಡಿಯ ದಂಡೆಯಲ್ಲಿ ಓಡಿಸಿ ಓಡಿಸಿ ತಯಾರು ಮಾಡಿ ಕಳಿಸಿದ. ಅಗ್ನಿವೀರನಾಗಿ ಹೋದ ಕೈಲಾಸನಿಗೆ ದೊಡ್ಡಪ್ಪನ ಹಳೆಯ ಕೆಲಸವೇ ಸಿಕ್ಕಿತು, ಹೇಸರಗತ್ತೆ ನಡೆಸುವುದು. ಆದರೆ ಕಾಡಪ್ಪನ ಕಾಲಕ್ಕೂ ಇವನ ಕಾಲಕ್ಕೂ ಒಂದು ಫರಕು. ಇವರದು ನಾಲ್ಕೇ ವರ್ಷ. ಅದು ಮುಗಿದ ಮೇಲೆ ನಾಲ್ವರಲ್ಲಿ ಒಬ್ಬನನ್ನು ಇಟ್ಟುಕೊಳ್ಳುತ್ತಾರೆ, ಮೂವರು ಮನೆಗೆ. ಕೈಲಾಸನ ನಾಲ್ಕನೆಯ ವರ್ಷ ಮುಗಿಯುತ್ತ ಬಂದಿತ್ತು. ಆ ಒಬ್ಬ ಅವನೇ ಆಗಬೇಕು. ಕಾಡಪ್ಪನಿಗೆ ಬೇರೆ ಹರಕೆಯೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಸೊಸೆ ಪೂನಂ ಒಂದು ಸಂಜೆ ಆಫೀಸಿನಿಂದ ಬಂದವಳು ಚಪ್ಪಲಿ ಕಳಚುವ ಮೊದಲೇ, “ಪಪ್ಪಾ, ನೀವು ಒಂದ್ಸಲ ನಮ್ಮ ಟೆಸ್ಟಿಂಗ್‌ಗೆ ಬರ್ಲೇಬೇಕು, ಪ್ಲೀಸ್” ಎಂದಳು.

ಪೂನಂ ಹುಟ್ಟಿ ಬೆಳೆದದ್ದು ಠಾಣೆಯ ವರ್ತಕ ನಗರದಲ್ಲಿ. ತವರಿನವರು ವಿಜಯಪುರದ ಬಟ್ಟೆ ವ್ಯಾಪಾರಿಗಳು. ಕನ್ನಡ ಎಲ್ಲ ತಿಳಿಯುತ್ತದೆ, ಆಡುವಾಗ ಮಾತ್ರ ಹಿಂದಿ, ಮರಾಠಿ ಕೈಗೆ ಸಿಕ್ಕಿದ್ದನ್ನು ಕಲಸಿಬಿಡುತ್ತಾಳೆ. ಮಹಾಪೆಯಲ್ಲಿ ಡ್ರೋನ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರ್. ಮದುವೆಯ ಫೋಟೋ ತೆಗೆಯುವ ಡ್ರೋನ್ ಅಲ್ಲ, ಸಾಮಾನು ಹೊತ್ತು ಬೆಟ್ಟ ಏರುವಂಥದ್ದು.

“ಲೋಡ್ ಹಾಕಿದ್ರೆ ಗೋಲ್ ಗೋಲ್ ಫಿರ್ತದೆ ಪಪ್ಪಾ. ಖಾಲಿ ಇದ್ದಾಗ ಏಕದಮ್ ಮಸ್ತ್. ಮುಂದಿನ ವಾರ ಆರ್ಮಿಯವರು ನೋಡೋಕೆ ಬರ್ತಾರೆ. ತೋಪರ್ಯಂತ, ಅಷ್ಟರೊಳಗೆ ಸರಿ ಆಗ್ಲಿಲ್ಲ ಅಂದ್ರೆ ಖಲಾಸ್.”

ಕಾಡಪ್ಪ ಪೇಪರಿನಿಂದ ತಲೆ ಎತ್ತಿದ. “ಎಲ್ಲಿ ಹಾರಸ್ತಾರವ್ವಾ ಅದನ್ನ?”

“ಮೇಲಿನ ಪೋಸ್ಟ್‌ಗಳಿಗೆ. ಈಗ ಖಚ್ಚರ್ ಹೋಗ್ತವಲ್ಲ, ಆ ಜಾಗದಲ್ಲಿ.”

ಸೌಭಾಗ್ಯ ಅಡುಗೆಮನೆಯಿಂದ ಇಣುಕಿ ಗಂಡನ ಮುಖ ನೋಡಿ, ಏನೂ ಆಗದವಳಂತೆ ಒಳಗೆ ಸರಿದಳು.

“ದಿನಕ್ಕ ಎಷ್ಟು ಖಚ್ಚರ್‌ದ ಕೆಲಸ ಮಾಡ್ತೈತಿ?”

“ಏಳು, ಎಂಟು.”

“ಮಂದಿ ಎಷ್ಟು ಬೇಕು ಅದಕ್ಕ?”

“ದೋನ್. ಒಬ್ರು ಹಾರಿಸೋಕೆ, ಒಬ್ರು ಬ್ಯಾಟರಿಗೆ.”

ಕಾಡಪ್ಪ ಬೆರಳು ಮಡಚಿದ. ಎಂಟು ಹೇಸರಗತ್ತೆಗೆ ಎಂಟು ಜನ. ಯಾರಾದರೂ ಜ್ವರ ಬಂದು ಮಲಗಿದರೆಂದು ಇನ್ನಿಬ್ಬರು. ಲಾಳ ಹೊಡೆಯುವವನೊಬ್ಬ. ಗಾಯಕ್ಕೆ ಮದ್ದು ಹಚ್ಚುವವನೊಬ್ಬ. ಮೇವು ನೋಡುವವನೊಬ್ಬ, ಆ ಮೇವನ್ನೂ ಮೇಲೆ ಒಯ್ಯಬೇಕಲ್ಲ, ಅದಕ್ಕೆ ಮತ್ತೆರಡು ಹೇಸರಗತ್ತೆ, ಮತ್ತಿಬ್ಬರು. ಇಷ್ಟು ಜನಕ್ಕೆ ಬೇಯಿಸಿ ಹಾಕುವವ, ಅವನಿಗೆ ನೀರು ತರುವವ. ಮೇಲಿನ ಪೋಸ್ಟಿನಲ್ಲಿ ಬಂದೂಕು ಹಿಡಿದು ನಿಂತ ನಾಲ್ವರ ಹೊಟ್ಟೆಗಾಗಿ ಕೆಳಗೆ ಒಂದು ಊರೇ ಬೆಳೆದಿರುತ್ತದೆ. ದಂಡು ದೊಡ್ಡದಾಗುವುದು ಹೀಗೆಯೇ, ಹೊಡೆದಾಡುವವರಿಂದಲ್ಲ, ಹೊರುವವರಿಂದ. ಅದು ಚಿಕ್ಕದಾಗುವುದನ್ನೂ ಅವನು ಕಂಡವನೇ. ಬೆಟ್ಟದಲ್ಲಿ ಒಂದು ರಸ್ತೆ ಆಯಿತೆಂದರೆ ಒಂದು ಹೇಸರಗತ್ತೆ ಕಂಪನಿ ಮೂಲೆಗೆ. ಆದರೆ ರಸ್ತೆ ಎಲ್ಲ ಕಡೆ ಆಗುವುದಿಲ್ಲ ಎಂಬ ಧೈರ್ಯವಿತ್ತು. ಆಕಾಶ ಎಲ್ಲ ಕಡೆಯೂ ಇದೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಹದಿನೇಳು ಜನ. ಅವರ ಜಾಗಕ್ಕೆ ಇಬ್ಬರು. ಆ ಹದಿನೇಳರಲ್ಲಿ ಒಬ್ಬ ಕೈಲಾಸ.

“ನಾ ಒಲ್ಲೆವ್ವಾ. ನನಗೇನ್ ತಿಳೀತದ ಮಶೀನಿಂದು?” ಎಂದುಬಿಟ್ಟ.

ಪೂನಂ ಒತ್ತಾಯ ಮಾಡಲಿಲ್ಲ. ಆದರೆ ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಸೌಭಾಗ್ಯ ಗಂಡನ ಎದುರಿಗೆ ಬಂದು ನಿಂತಳು. “ಅತ್ತಗ ಕೈಲಾಸ ನಮ್ಮವ, ಖರೆ. ಇತ್ತಗ ಇಕಿ ಯಾರ ಮಗಳ್ರಿ? ಹೋಗಿ ಸುಮ್ನ ಕುಂತು ಬರ್ರಿ. ಮಾಂವ ಬಂದಿದ್ದ ಅನ್ನೂದ ಸಾಕು ಆ ಹುಡುಗಿಗೆ.”

“ಬಾಯಿ ತೆಗಿಯಂಗಿಲ್ಲ ನಾ.”

“ತೆಗೀಬ್ಯಾಡ್ರಿ. ನೀವು ಬಾಯಿ ಮುಚ್ಚಿಕೊಂಡು ಕುಂತದ್ದನ್ನ ನೋಡೂ ಪುಣ್ಯ ನನಗಿಲ್ಲ, ಆಕಿಗರ ಸಿಗ್ಲಿ.”

ಮಹಾಪೆಯ ಕಾರ್ಖಾನೆಗಳ ಹಿಂದೆ, ಗುಡ್ಡದ ಬುಡದಲ್ಲಿ ಒಂದು ಖಾಲಿ ಜಾಗ. ಕಾಡಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಕಂಪನಿಯ ಯಜಮಾನ ಹಿತೇಶ್, ಉಡುಪಿ ಕಡೆಯವನು, ಮೂವತ್ತೈದರ ಆಸುಪಾಸು, ಮುಖದ ತುಂಬ ನಿದ್ದೆಗೆಟ್ಟ ಕಣ್ಣು. ಕೈಮುಗಿದು, “ನೀವು ಬಂದದ್ದೇ ದೊಡ್ಡದು ಅಂಕಲ್. ನಮ್ಮದು ಎಂತ ಅವಸ್ಥೆ ಅಂತ ಈಗ ನೋಡ್ತೀರಿ ನೀವು” ಎಂದ.

ಆರು ಕೈಗಳ ಜೇಡನಂಥ ಯಂತ್ರ. ಅದರ ಕೆಳಗೆ ನೇತುಹಾಕಲು ಮರಳಿನ ಎರಡು ಚೀಲ, ಒಂದು ಎಣ್ಣೆ ಡಬ್ಬಿ. ಮೂರನ್ನೂ ಒಟ್ಟು ಸೇರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ನಡುವೆ ಒಂದು ಕೊಕ್ಕೆ ಸಿಕ್ಕಿಸಿದ್ದರು. ಡಬ್ಬಿಯ ಮಗ್ಗುಲು ಒಂದು ಮುಷ್ಟಿಯಷ್ಟು ಕೆಳಗೆ ವಾಲಿತ್ತು. ಡಬ್ಬಿ ಅರ್ಧವೇ ತುಂಬಿದ್ದರಿಂದ ಒಳಗಿನ ಎಣ್ಣೆ ಬೇರೆ ಕುಲುಕಾಡುತ್ತಿತ್ತು.

ಕಾಡಪ್ಪ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಯಂತ್ರ ಗುಂಯ್ ಎಂದು ಎದ್ದಿತು. ತೆಂಗಿನಮರದೆತ್ತರ ಹೋಗುವಷ್ಟರಲ್ಲಿ ಕೆಳಗಿನ ಹೇರು ಸುತ್ತತೊಡಗಿತು, ಸುತ್ತು ಹೆಚ್ಚಿ ಯಂತ್ರವನ್ನೇ ಎಳೆದಾಡಿತು. ಪೂನಂ ಅವಸರವಸರವಾಗಿ ಇಳಿಸಿದಳು. ಮತ್ತೊಮ್ಮೆ ಕಟ್ಟಿದರು, ಮತ್ತದೇ. ಮೂರನೆಯ ಸಲ ಹಿತೇಶ್ ತಾನೇ ಕೂತು ಇನ್ನಷ್ಟು ಬಿಗಿದ. ವಾಲಿದ್ದು ಇನ್ನಷ್ಟು ವಾಲಿತು.

ಆಮೇಲೆ ಏನಾಯಿತೆಂದು ಕಾಡಪ್ಪನನ್ನು ಕೇಳಿದರೆ ಅವನಿಗೂ ನೆಟ್ಟಗೆ ಹೇಳಲಾಗದು. ಕುರ್ಚಿಯಿಂದ ಎದ್ದದ್ದು ಗೊತ್ತಿಲ್ಲ, ನೆಲದ ಮೇಲೆ ಮೊಣಕಾಲೂರಿದ್ದು ಗೊತ್ತಿಲ್ಲ. “ಸರೀರಿ ಅತ್ಲಾಗ! ಪಟ್ಟಿ ಬಿಚ್ರಿ! ಹಗ್ಗ ತರ್ರಿ, ಹಗ್ಗ!” ಎಂದು ಕೂಗಿದ್ದು ಮಾತ್ರ ತನ್ನದೇ ದನಿ ಎಂದು ಕಿವಿಗೆ ಬಿತ್ತು. ಹಳದಿ ನೈಲಾನ್ ಹಗ್ಗ ತಂದರು. ಡಬ್ಬಿಯ ತುಂಬ ಎಣ್ಣೆ ಹಾಕಿಸಿ ಕುಲುಕಾಟ ನಿಲ್ಲಿಸಿದ. ಅದನ್ನು ನಡುವೆ ಇಟ್ಟು ಎರಡು ಚೀಲವನ್ನು ಎರಡು ಮಗ್ಗುಲಿಗೆ, ಹೇಸರಗತ್ತೆಯ ಬೆನ್ನಿಗೆ ಹಾಕಿದ ಹಾಗೆ, ಇಳಿಬಿಟ್ಟ. ಒಂದೇ ಕೊಕ್ಕೆಯ ಬದಲು ನಾಲ್ಕು ಕಡೆಯಿಂದ ಹಗ್ಗ ಎತ್ತಿ ಕಟ್ಟಿದ. ಕೈ ತಾನೇ ತಾನಾಗಿ ಎಡಕ್ಕೆ ಸುತ್ತಿ ಎಡಗೈ ಗಂಟು ಹಾಕಿತು. ಮುಗಿದ ಮೇಲೆ ಎಣ್ಣೆ ಡಬ್ಬಿಯನ್ನು ಅಂಗೈಯಿಂದ ಎರಡು ಸಲ ತಟ್ಟಿ, “ಚಲ್ ಬೇಟಾ” ಎಂದೂ ಅಂದುಬಿಟ್ಟ.

ಯಂತ್ರ ಎದ್ದಿತು. ಹೇರು ದೇವರ ಮುಂದಿನ ತೂಗುದೀಪದ ಹಾಗೆ ನೆಟ್ಟಗೆ ನಿಂತು, ಗುಡ್ಡದ ತಲೆಯತನಕ ಹೋಗಿ, ಅಲ್ಲಿ ಒಂದು ಸುತ್ತು ಹಾಕಿ, ನೆಟ್ಟಗೆ ತಿರುಗಿ ಬಂತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಪೂನಂ ಓಡಿಬಂದು ಮಾವನನ್ನು ತಬ್ಬಿಕೊಂಡಳು. ಹಿತೇಶ್ ತಲೆಯ ಮೇಲೆ ಕೈಹೊತ್ತು, “ಎಂತ ಮಾರಾಯ್ರೆ ಇದು! ಆರು ತಿಂಗಳಿಂದ ನಾವು ಕಂಪ್ಯೂಟರಲ್ಲಿ ಗುದ್ದಾಡಿದ್ದು. ನೀವು ಮೊದ್ಲೇ ಬರ್ಲಿಕ್ಕೆ ಆಗ್ತಿರ್ಲಿಲ್ವಾ?” ಎಂದ. ಆಮೇಲೆ ಪೂನಂ ಕಡೆ ತಿರುಗಿ, “ಆ ಗಂಟು ವಿಡಿಯೋ ಮಾಡ್ಕೊಳ್ಳಿ. ಸೇಮ್ ಟು ಸೇಮ್ ಕಲೀಬೇಕು ಎಲ್ರೂ. ಎಂಟು ಮ್ಯೂಲಿನ ಬದ್ಲು ಒಂದು ಮಶಿನ್ ಅಂತ ಧೈರ್ಯದಲ್ಲಿ ಬರಿಬಹುದು ಈಗ” ಎಂದ.

ಕಾಡಪ್ಪ ಆಗ ತನ್ನ ಕೈ ನೋಡಿಕೊಂಡ.

ಮುಂದಿನ ದಿನಗಳಲ್ಲಿ ಅವನು ಯಾರ ಹೇರನ್ನೂ ಬಿಚ್ಚಲಿಲ್ಲ. ನೀರಿನ ಕ್ಯಾನಿನವನು ವಾಲಾಡುತ್ತ ಎದುರಿಗೇ ಹೋದರೂ ಆಚೆ ಮುಖ ಮಾಡಿದ. ಆರ್ಮಿಯವರು ಬಂದರು, ನೋಡಿದರು, ಮೆಚ್ಚಿದರು. ಪೂನಂ ಎಂಟು ದಿನ ಉತ್ತರದ ಕಡೆ ಟ್ರಯಲ್ಲಿಗೆ ಹೋಗಿ, ಮೂಗಿನ ತೊಗಲು ಸುಲಿಸಿಕೊಂಡು ಬಂದಳು. ಎಲ್ಲಿಗೆ ಎಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಅಂಥದ್ದನ್ನು ಕೇಳಬಾರದೆಂಬುದು ಮೈಗೆ ಹತ್ತಿದ ರೂಢಿ. ಕೈಲಾಸನ ಫೋನು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದುದು ಬರಲಿಲ್ಲ.

ಎರಡು ತಿಂಗಳಾದ ಮೇಲೆ ಬಂದದ್ದು ಕಾಶವ್ವನ ಫೋನು.

“ಭಾವಾರ, ಕೈಲಾಸಂದು ಲಿಸ್ಟಿನ್ಯಾಗ ಹೆಸರು ಬಂದಿಲ್ಲಂತ್ರಿ. ವಾಪಸ್ ಬರಾಕತ್ತಾನ.”

ರೊಟ್ಟಿ ಬಡಿಯುವ ಸಪ್ಪಳ ಫೋನಿನಲ್ಲಿ ನಿಲ್ಲದೆ ಕೇಳುತ್ತಿತ್ತು.

“ಕಾಶವ್ವಾ, ನಾ ಒಂದು ಮಾತು...”

“ಈಗ ಮಾತು ಬ್ಯಾಡ್ರಿ. ನಾಳೆ ಮುಂಜಾನೆ ಗಾಡಿ ಐತಿ. ಕಳಿಸಿದವರು ನೀವ, ಹೋಗಿ ಕರ್ಕೊಂಡ ಬರೂದೂ ನೀವ.”

ಮರುದಿನ ಕಾಡಪ್ಪ ಐರೋಲಿಯಿಂದ ಠಾಣೆಗೆ, ಠಾಣೆಯಿಂದ ಕಲ್ಯಾಣಕ್ಕೆ ಲೋಕಲ್ ಹಿಡಿದ. ಎಲ್ಲ ಹೇಳಿಬಿಡುವುದು ಎಂದು ನಿರ್ಧಾರ ಮಾಡಿಕೊಂಡಿದ್ದ. ಉತ್ತರದಿಂದ ಬರುವ ಗಾಡಿ ಒಂದು ತಾಸು ತಡವಾಗಿ ಬಂತು. ಕೈಲಾಸ ಕರಿಯ ಟ್ರಂಕನ್ನು ಹೆಗಲಿಗೇರಿಸಿಕೊಂಡು ಇಳಿದ. ಕೆನ್ನೆ ಸುಟ್ಟು ಕಪ್ಪಾಗಿತ್ತು, ಮೈ ಗಟ್ಟಿಯಾಗಿತ್ತು. ಕಾಲಿಗೆರಗಿದ. ಪ್ಲಾಟ್‌ಫಾರಂ ಚಹಾದಂಗಡಿಯ ಮುಂದೆ ಟ್ರಂಕಿನ ಮೇಲೆಯೇ ಇಬ್ಬರೂ ಕೂತರು.

“ಕೈಲಾಸ, ನೀ ಮನಿಗೆ ಬಂದಿದ್ದು ನನ್ನ ಕೈಯಿಂದ” ಎಂದು ಕಾಡಪ್ಪ ಶುರುಮಾಡಿದವನು ಮಹಾಪೆಯ ಗುಡ್ಡ, ವಾಲಿದ ಡಬ್ಬಿ, ಹಳದಿ ಹಗ್ಗ ಎಲ್ಲವನ್ನೂ ಉಸಿರು ಬಿಡದೆ ಹೇಳಿದ. “ಕುಂತಾಂವ ಕುಂತಂಗ ಇದ್ದಿದ್ರ ಆ ಮಶೀನ್ ಏಳ್ತಿರ್ಲಿಲ್ಲಪಾ. ನನ್ನ ಕೈಗೆ ಬೆಂಕಿ ಹತ್ಲಿ.”

ಕೈಲಾಸ ಚಹಾ ಕುಡಿದು ಮುಗಿಸಿದ. ಕಪ್ಪು ಕೆಳಗಿಟ್ಟ. ಹೆಗಲಚೀಲದ ಹೊರಗಿನ ಜೇಬಿಗೆ ಕೈಹಾಕಿ ಎರಡು ಮಾರಿನಷ್ಟು ಹಗ್ಗ ತೆಗೆದು ದೊಡ್ಡಪ್ಪನ ತೊಡೆಯ ಮೇಲಿಟ್ಟ. ಹಳದಿ ನೈಲಾನ್. ನಡುವೆ ಎಡಕ್ಕೆ ಸುತ್ತಿದ ಗಂಟು, ತುದಿಗೆ ಕುಣಿಕೆ.

“ಇದು ಎಲ್ಲಿದೋ?”

“ನಮ್ಮ ಪೋಸ್ಟಿಗೆ ಬಂದಿದ್ದು. ಮ್ಯಾಲಿಂದ ಗುಂಯ್ ಅಂತ ಇಳೀತು. ಎಲ್ಲಾರೂ ಹಗ್ಗ ಕೊಯ್ಯಾಕ ಚಾಕು ತೆಗದ್ರು. ನಾ ಹತ್ರ ಹೋಗಿ ನೋಡಿದ್ರ, ಎಡಕ್ಕ ಸುತ್ತಿದ ಗಂಟು. ‘ಚಾಕು ಬ್ಯಾಡ’ ಅಂದು ಕುಣಿಕಿ ಜಗ್ಗಿದೆ, ಬಿಚ್ಚಿಕೊಂತು. ಸುಬೇದಾರ್ ಸಾಹೇಬ್ರು ‘ತುಝೆ ಕೈಸೆ ಮಾಲೂಮ್’ ಅಂದ್ರು. ‘ಹಮಾರೇ ಘರ್ ಕೀ ಗಾಂಠ್ ಹೈ ಸಾಬ್’, ನಮ್ಮ ಮನಿ ಗಂಟು ಅಂದೆ. ಇದೊಂದನ್ನ ಬಿಚ್ಚದಽ ಜಾರಿಸಿ ತೆಗದು ಇಟ್ಕೊಂಡೆ.”

ಕಾಡಪ್ಪ ಗಂಟನ್ನೇ ನೋಡುತ್ತ ಕೂತ. ಪೂನಂ ಹಾಕಿದ್ದಿರಬೇಕು. ಬಲಗೈಯವಳು ವಿಡಿಯೋ ನೋಡಿ ಕಲಿತದ್ದು. ಒಂದು ಎಳೆಯೂ ತಪ್ಪಿರಲಿಲ್ಲ.

“ಸಿಟ್ಟು ಬರ್ಲಿಲ್ಲೇನ್ ನಿನಗ?”

“ಬಂತು. ಫೋನ್ ಹಚ್ಚಿ ಬೈಬೇಕು ಅಂತ ಎರಡು ದಿನ ಮನಸಿನ್ಯಾಗ ಬೈಗುಳ ಹೊಂದಿಸಿದೆ. ಮ್ಯಾಲೆ ನೆಟ್‌ವರ್ಕ್ ಇರ್ಲಿಲ್ಲ, ಬಚಾವಾದ್ರಿ.” ಕೈಲಾಸ ನಕ್ಕ. ಆಮೇಲೆ ನಗು ತಾನಾಗಿ ಇಳಿಯಿತು. “ಮೂರನೇ ದಿನ ಹಿಮ ಬಿತ್ತು ದೊಡ್ಡಪ್ಪಾ. ಹಾದಿ ಮುಚ್ಚಿತು. ಹೋದ ವರ್ಷ ಹಂತಾ ಹಿಮದಾಗ ಸೀಮಿಎಣ್ಣಿ ತಗೊಂಡು ನಾವು ಹನ್ನೊಂದು ಮಂದಿ ಹೋಗಿದ್ವಿ. ಬಂದಾವ್ರು ಹತ್ತು. ಈ ಸಲ ಯಾರೂ ಹೋಗ್ಲಿಲ್ಲ. ಟೆಂಟಿನ್ಯಾಗ ಕುಂತು ಎಣ್ಣಿ ಮ್ಯಾಲಿಂದ ಬರೂದನ್ನ ನೋಡಿದ್ವಿ. ನಿಮ್ಮ ಗಂಟು ನೋಡಿದ್ರ ಬೈಯಾಕ ಬಾಯಿ ಬರ್ಲಿಲ್ಲ.”

ಹನ್ನೊಂದು ಹೋಗಿ ಹತ್ತು ಬಂದ ಸುದ್ದಿಯನ್ನು ಅವನು ಮನೆಗೆ ಹೇಳಿರಲೇ ಇಲ್ಲ. ಕಾಡಪ್ಪ ಕೇಳಲೂ ಇಲ್ಲ, ಅದು ಯಾರೆಂದು. ಇಪ್ಪತ್ತಾರು ವರ್ಷದಲ್ಲಿ ಅವನೂ ಅಂಥವನ್ನು ಮನೆಗೆ ಹೇಳಿದವನಲ್ಲ.

“ಮತ್ತ ನಾಕರಾಗ ಒಬ್ಬ ಅನ್ನೂದು ನೀವು ಗಂಟು ಹಾಕೂಕಿಂತ ಮೊದಲಽ ಬರದಿತ್ತು,” ಕೈಲಾಸ ಮುಂದುವರಿಸಿದ. “ಮೂರು ಮಂದಿಯೊಳಗ ನಾ ಒಬ್ಬ. ಆದ್ರೂ ನನಗ ಇರೂ ಆಸೆ ಇತ್ತು ದೊಡ್ಡಪ್ಪಾ. ಸುಳ್ಳು ಯಾಕ ಹೇಳ್ಲಿ? ಬರೂ ಮುಂದ ನನ್ನ ಖಚ್ಚರ್, ನಂಬರ್ ಮುನ್ನೂರಾ ಹನ್ನೆರಡು, ಹೊಸ ಹುಡುಗನ ಕೈಯಾಗಿನ ಮೇವು ಮೂಸಿನೂ ನೋಡ್ಲಿಲ್ಲ. ಅವನ್ನೂ ಎಲ್ಲಾ ಕೆಳಗ ಕಳಸ್ತಾರಂತ. ಅವಕ್ಕ ನಾಕರಾಗ ಒಂದು ಅನ್ನೂದೂ ಇಲ್ಲ.” ಅವನು ಹಳಿಗಳ ಕಡೆ ಮುಖ ಮಾಡಿದ. “ಇದನ್ನ ಮರಿಯಾಕ ಸ್ವಲ್ಪ ದಿನ ಬೇಕು. ಅಲ್ಲಿತನಕ ಏನೂ ಕೇಳಬ್ಯಾಡ್ರಿ, ಏನೂ ಹೇಳಬ್ಯಾಡ್ರಿ.”

“ಇಲ್ಲ. ಕೇಳಂಗಿಲ್ಲ.” ಕಾಡಪ್ಪ ಮೂಗು ಒರೆಸಿಕೊಂಡು, ಹಗ್ಗ ಮಡಚಿ ಅವನ ಚೀಲದ ಜೇಬಿಗಿಟ್ಟ. “ನಿಮ್ಮವ್ವ ಮುಂಜಾನಿಂದ ಎಣ್ಣಿಗಾಯಿ ಮಾಡಿ ಇಟ್ಟಾಳ. ಅದನ್ನರ ಹೇಳಬೌದಿಲ್ಲೋ?”

“ಅದನ್ನ ಮೊದ್ಲಽ ಹೇಳಬೇಕಿತ್ತಲ್ರಿ!”

ಸ್ಟೇಷನ್ನಿನ ಹೊರಗೆ ರಿಕ್ಷಾದವನು ಟ್ರಂಕನ್ನು ಹಿಂದಿನ ಜಾಗಕ್ಕೆ ನೂಕಿದ. ಅರ್ಧ ಹೊರಗೇ ಉಳಿಯಿತು. ಸೀಟಿನಡಿಯಿಂದ ಒಂದು ಸುತಳಿ ಎಳೆದು, ಒಂದೇ ಕಡೆ ಎರಡು ಸುತ್ತು ಹಾಕಿ, ಬೀಡಿ ಕಚ್ಚಿಕೊಂಡು ಹ್ಯಾಂಡಲ್ ಮುಂದೆ ಕೂತ. ಟ್ರಂಕು ಎಡಕ್ಕೆ ವಾಲಿತು.

ಕಾಡಪ್ಪ ತಿಂಗಳುಗಳಿಂದ ತಡೆದು ಇಟ್ಟುಕೊಂಡಿದ್ದ ಕೈ ಮುಂದೆ ಚಾಚಿದ. ಸುತಳಿಯ ಮೇಲೆ ಆಗಲೇ ಇನ್ನೊಂದು ಕೈ ಬಂದು ಕೂತಿತ್ತು, ಕೈಲಾಸನದು.

“ಅರೇ ಬಾಬಾ, ಚಲ್ತಾ ಹೈ, ಬೈಠೋ ನಾ!” ಎಂದು, ಇಷ್ಟೇ ಸಾಕೆಂಬಂತೆ, ರಿಕ್ಷಾದವನು ಕೂಗಿದ.

“ನಹೀ ಚಲ್ತಾ!” ಎಂದರು ಇಬ್ಬರೂ ಒಟ್ಟಿಗೆ. ಕಾಡಪ್ಪ ಟ್ರಂಕನ್ನು ಎತ್ತಿ ಹಿಡಿದ. ಕೈಲಾಸ ಚೀಲದ ಜೇಬಿನಿಂದ ಹಳದಿ ಹಗ್ಗ ತೆಗೆದು, ಕುಣಿಕೆ ಎಳೆದು ಬಿಚ್ಚಿ, ಎಡಕ್ಕೆ ಸುತ್ತತೊಡಗಿದ.